ನಿಂತು ನಡೆಸುವ ಜೆಟ್ ಸ್ಕೀ: ಒಡಲಿಗೆ ಇಳಿಯುವ ನೀರಿನ ಲೆಕ್ಕ

ಜಲಕ್ರೀಡಾ ಯಂತ್ರಗಳನ್ನು ಬಾಡಿಗೆಗೆ ನೀಡುವ ವ್ಯವಹಾರವು ನಮ್ಮ ಕರಾವಳಿಯಲ್ಲಿ ಇಂದು ಒಂದು ಸಣ್ಣ ಉದ್ಯಮವಾಗಿ ರೂಪುಗೊಂಡಿದೆ. ಇಂತಹ ಸಂಸ್ಥೆಗಳ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ‘ದುರಸ್ತಿ ಮತ್ತು ನಿರ್ವಹಣೆ’ ಎಂಬ ಶೀರ್ಷಿಕೆಯಡಿ ನನ್ನ ಗಮನ ಸೆಳೆದ ದೊಡ್ಡ ಮೊತ್ತಗಳು ಎಂಜಿನ್ನಿಗೆ ನೀರು ಹೊಕ್ಕು ಉಂಟಾದ ಹಾನಿಗೆ ಸಂಬಂಧಿಸಿದವು. ಹಾನಿಯ ಮೂಲವನ್ನು ಹುಡುಕುತ್ತ ಹೋದರೆ ಅದು ಸವೆದ ಒಂದು ರಬ್ಬರ್ ಸೀಲಿನಲ್ಲಿಯೋ, ಸಡಿಲವಾದ ಒಂದು ಕ್ಲ್ಯಾಂಪಿನಲ್ಲಿಯೋ ದೊರೆಯುತ್ತದೆ. ಸೀಲಿನ ಬೆಲೆಗೂ ಎಂಜಿನ್ನಿನ ಬೆಲೆಗೂ ಇರುವ ಅಂತರವನ್ನು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ. ಈ ನೀರು ಎಲ್ಲಿಂದ ಬರುತ್ತದೆ, ಅದನ್ನು ಪತ್ತೆಹಚ್ಚುವ ಕ್ರಮ ಯಾವುದು, ವಿಮೆಯ ದೃಷ್ಟಿಯಿಂದ ಅದರ ಮಹತ್ವವೇನು ಎಂಬುದನ್ನು ನಿಂತು ನಡೆಸುವ ಮಾದರಿಯ ಜೆಟ್ ಸ್ಕೀಯನ್ನು ಆಧಾರವಾಗಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

‘ಜೆಟ್ ಸ್ಕೀ’ ಎಂಬುದು ಕವಾಸಾಕಿ ಸಂಸ್ಥೆಯ ವ್ಯಾಪಾರ ಚಿಹ್ನೆ. ಬಳಕೆಯಲ್ಲಿ ಮಾತ್ರ ಅದು ಈ ಜಾತಿಯ ಎಲ್ಲ ಯಂತ್ರಗಳಿಗೂ ಹೆಸರಾಗಿಬಿಟ್ಟಿದೆ. ಅಮೆರಿಕದ ಕ್ಲೇಟನ್ ಜೇಕಬ್‌ಸನ್ ಎಂಬುವರ ಕಲ್ಪನೆಯನ್ನು ಆಧರಿಸಿ ಕವಾಸಾಕಿಯು 1973ರಲ್ಲಿ ಸವಾರನು ನಿಂತು ನಡೆಸುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಯಮಹಾ ಸಂಸ್ಥೆಯ ಸೂಪರ್‌ಜೆಟ್ 1990ರಲ್ಲಿ ಬಂದಿತು. ನಮ್ಮ ಸಮುದ್ರತೀರಗಳಲ್ಲಿ ಬಾಡಿಗೆಗೆ ದೊರೆಯುವುದು ಹೆಚ್ಚಾಗಿ ಕುಳಿತು ನಡೆಸುವ ಮಾದರಿ. ಆದರೂ ನಿಂತು ನಡೆಸುವ ಮಾದರಿಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಅದು ಚಿಕ್ಕದು, ನೀರಿನಲ್ಲಿ ತಗ್ಗಾಗಿ ಕೂರುತ್ತದೆ, ಕಲಿಯುವವನ ಕೈಯಲ್ಲಿ ಗಂಟೆಗೆ ಹತ್ತಾರು ಬಾರಿ ಮಗುಚುತ್ತದೆ. ಕುಳಿತು ನಡೆಸುವ ಯಂತ್ರದಲ್ಲಿ ನಿಧಾನವಾಗಿ ತಲೆದೋರುವ ದೋಷವು ಇದರಲ್ಲಿ ಬೇಗನೆ ಪ್ರಕಟವಾಗುತ್ತದೆ. ನೀರು ಒಳಬರುವ ದಾರಿಗಳು ಎರಡರಲ್ಲಿಯೂ ಬಹುಪಾಲು ಒಂದೇ.

ಗಾಳಿ ಬೇಕು, ನೀರು ಬೇಡ

ಒಡಲನ್ನು ಸಂಪೂರ್ಣವಾಗಿ ಮುಚ್ಚಿಬಿಟ್ಟರೆ ಸಮಸ್ಯೆ ತೀರುವುದಿಲ್ಲವೇ ಎಂಬ ಪ್ರಶ್ನೆ ಸಹಜ. ತೀರುವುದಿಲ್ಲ. ಎಂಜಿನ್ ಇರುವುದು ಒಡಲಿನ ಮುಂಭಾಗದ ಕೋಣೆಯಲ್ಲಿ; ಅದು ಉಸಿರಾಡುವುದು ಆ ಕೋಣೆಯ ಗಾಳಿಯನ್ನು. ಆದ್ದರಿಂದ ಮುಚ್ಚಳದಲ್ಲಿಯೋ ಅದರ ಸಮೀಪದಲ್ಲಿಯೋ ಗಾಳಿಗೆ ದಾರಿ ಇರಲೇಬೇಕು. ತಯಾರಕರು ಆ ದಾರಿಯನ್ನು ಅಂಕುಡೊಂಕಾಗಿ ರಚಿಸಿ, ತಡೆಗೋಡೆಗಳನ್ನಿಟ್ಟು, ಗಾಳಿಯೊಡನೆ ಬಂದ ನೀರು ಬೇರ್ಪಡುವಂತೆ ಮಾಡಿರುತ್ತಾರೆ. ಯಂತ್ರ ತಲೆಕೆಳಗಾಗಿ ಬಿದ್ದಾಗ ಇದೇ ದಾರಿಯಿಂದ ಸ್ವಲ್ಪ ನೀರು ಒಳಗೆ ಬಂದೇ ಬರುತ್ತದೆ. ಪೆಟ್ರೋಲಿನ ಆವಿ ಹೊರಹೋಗುವುದಕ್ಕೂ ಗಾಳಿಯ ಸಂಚಾರ ಅಗತ್ಯ. ನೀರಿನ ಭಯದಿಂದ ಗಾಳಿಯ ದಾರಿಗಳಿಗೆ ಬಟ್ಟೆ ತುರುಕುವ ಪದ್ಧತಿ ಕೆಲವೆಡೆ ಇದೆ. ಅದು ನೀರಿಗಿಂತ ಅಪಾಯಕಾರಿ.

ಹೀಗಾಗಿ ಈ ಯಂತ್ರದ ಒಡಲು ‘ನೀರೇ ಬಾರದ’ ಒಡಲಲ್ಲ. ಬಂದ ನೀರು ಇಷ್ಟೇ ಎಂದು ತಿಳಿದಿರುವ, ಬಂದಷ್ಟನ್ನು ಹೊರಹಾಕಬಲ್ಲ ಒಡಲು. ಸವಾರಿ ಮುಗಿದ ಮೇಲೆ ಒಂದರ್ಧ ಲೀಟರ್ ನೀರು ದೊರೆತರೆ ಗಾಬರಿಪಡಬೇಕಾಗಿಲ್ಲ. ಹತ್ತು ಲೀಟರ್ ದೊರೆತರೆ ಯಂತ್ರವು ಹತ್ತು ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚಿನ ಅನಗತ್ಯ ಭಾರವನ್ನು ಹೊತ್ತು ಓಡಿದೆ ಎಂದರ್ಥ. ಆ ಭಾರವಾದರೂ ಒಂದೆಡೆ ನಿಲ್ಲುವುದಿಲ್ಲ; ತಿರುವಿನಲ್ಲಿ ಪಕ್ಕಕ್ಕೆ, ವೇಗ ಹೆಚ್ಚಿದಾಗ ಹಿಂದಕ್ಕೆ ಸರಿಯುತ್ತದೆ. ಹಿಂದಕ್ಕೆ ಸರಿದ ನೀರನ್ನು ಎಂಜಿನ್ನಿನ ಹಿಂಬದಿಯಲ್ಲಿ ತಿರುಗುತ್ತಿರುವ ಕಪ್ಲಿಂಗ್ ಮೇಲಕ್ಕೆ ಎರಚುತ್ತದೆ. ಆ ತುಂತುರೇ ಎಂಜಿನ್ನಿನ ಉಸಿರಿನೊಡನೆ ಒಳಹೋಗುವುದು. ಉಪ್ಪುನೀರು ಎರಡು ದಿನ ಒಳಗೇ ನಿಂತರೆ ಬೇರಿಂಗುಗಳು ತುಕ್ಕು ಹಿಡಿಯಲು ಬೇರೆ ಕಾರಣ ಬೇಕಿಲ್ಲ.

ನೀರು ಬರುವ ದಾರಿಗಳು

ಮೊದಲನೆಯದು ಮುಚ್ಚಳದ ಅಂಚಿನ ರಬ್ಬರ್. ವರ್ಷಗಟ್ಟಲೆ ಒತ್ತಡದಲ್ಲಿದ್ದ ರಬ್ಬರ್ ತನ್ನ ಪುಟಿಯುವ ಗುಣವನ್ನು ಕಳೆದುಕೊಂಡು ಚಪ್ಪಟೆಯಾಗಿ ಉಳಿಯುತ್ತದೆ. ನೋಡಲು ಸರಿಯಾಗಿಯೇ ಕಾಣುತ್ತದೆ. ಪರೀಕ್ಷೆ ಸುಲಭ: ಒಂದು ಕಾಗದದ ಪಟ್ಟಿಯನ್ನು ಅಂಚಿನಲ್ಲಿಟ್ಟು ಮುಚ್ಚಳವನ್ನು ಬಿಗಿದು ಎಳೆಯಬೇಕು. ಸುತ್ತಲೂ ಹೀಗೆ ಎಳೆಯುತ್ತ ಹೋದರೆ ಪಟ್ಟಿ ಸಲೀಸಾಗಿ ಜಾರುವ ಸ್ಥಳವೇ ದೋಷದ ಸ್ಥಳ.

ಎರಡನೆಯದು, ಮತ್ತು ಹೆಚ್ಚು ಗಮನ ಬೇಡುವಂಥದ್ದು, ಶಾಫ್ಟ್ ಹಾದುಹೋಗುವ ದ್ವಾರ. ಎಂಜಿನ್ ಮುಂದೆ ಇದೆ, ನೀರನ್ನು ಹಿಂದಕ್ಕೆ ಚಿಮ್ಮಿಸುವ ಪಂಪು ಹಿಂದೆ ಇದೆ. ಇವೆರಡನ್ನೂ ಕೂಡಿಸುವ ಉಕ್ಕಿನ ಶಾಫ್ಟ್ ಒಡಲಿನ ಗೋಡೆಯನ್ನು ತೂರಿ ನೀರಿರುವ ಸುರಂಗಕ್ಕೆ ಹೋಗಬೇಕು. ಗೋಡೆಯ ಬಳಿ ಒಂದು ಬೇರಿಂಗ್, ಅದರ ಜೊತೆಗೆ ತುಟಿಯಾಕಾರದ ಅಂಚುಳ್ಳ ರಬ್ಬರ್ ಸೀಲುಗಳು, ನಡುವೆ ಗ್ರೀಸ್. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಶಾಫ್ಟಿಗೆ ಈ ತುಟಿ ಸದಾ ಅಂಟಿಕೊಂಡಿರಬೇಕು. ಮರಳು ಬೆರೆತ ನೀರಿನಲ್ಲಿ ಈ ಕಾರ್ಯ ಸುಲಭವಲ್ಲ.

ಸೀಲು ಹೋಗಿದೆ ಎಂದು ಹೊಸದನ್ನು ಹಾಕಿಸಿ, ಕೆಲವೇ ವಾರಗಳಲ್ಲಿ ಅದೂ ಹೋಯಿತು ಎಂದು ಸರಬರಾಜುದಾರರನ್ನು ದೂರುವುದು ಸಾಮಾನ್ಯ. ಎರಡು ಸಂಗತಿಗಳನ್ನು ನೋಡದೆ ದೂರುವುದು ನ್ಯಾಯವಲ್ಲ. ಹಳೆಯ ತುಟಿ ಉಜ್ಜಿ ಉಜ್ಜಿ ಶಾಫ್ಟಿನ ಮೇಲೆ ಒಂದು ಗೆರೆಯಂತಹ ತೋಡನ್ನು ಮಾಡಿರುತ್ತದೆ. ಹೊಸ ತುಟಿ ಅದೇ ತೋಡಿನಲ್ಲಿ ಕುಳಿತರೆ ಮೊದಲ ದಿನದಿಂದಲೇ ನೀರು ಜಿನುಗುತ್ತದೆ. ಉಗುರಿನಿಂದ ಸವರಿದರೆ ತೋಡು ತಿಳಿಯುತ್ತದೆ. ಇನ್ನೊಂದು, ಎಂಜಿನ್ ಮತ್ತು ಪಂಪಿನ ನೇರ ಜೋಡಣೆ. ಎಂಜಿನ್ನನ್ನು ಕೆಳಗಿಳಿಸಿ ಮತ್ತೆ ಕೂರಿಸುವಾಗ ಅಡಿಯಲ್ಲಿದ್ದ ತೆಳುವಾದ ಬಿಲ್ಲೆಗಳು ಸ್ಥಾನ ಬದಲಿಸಿದರೆ ಶಾಫ್ಟ್ ಕೂದಲೆಳೆಯಷ್ಟು ವಾರೆಯಾಗುತ್ತದೆ. ಆಗ ಸೀಲಿನ ಒಂದು ಪಕ್ಕ ಸದಾ ಒತ್ತಲ್ಪಟ್ಟು, ಇನ್ನೊಂದು ಪಕ್ಕ ಸದಾ ಬಿಟ್ಟುಕೊಂಡಿರುತ್ತದೆ. ಕಪ್ಲಿಂಗಿನ ನಡುವಿನ ರಬ್ಬರ್ ತುಂಡು ಅಸಮವಾಗಿ ಸವೆದು, ಅದರ ಪುಡಿ ಒಡಲಿನ ತಳದಲ್ಲಿ ಕಪ್ಪಾಗಿ ಬಿದ್ದಿದ್ದರೆ ಅದು ವಾರೆಯ ಸಾಕ್ಷಿ. ಗ್ರೀಸ್ ತುಂಬುವ ನಿಪ್ಪಲ್ ಇರುವ ಮಾದರಿಗಳಲ್ಲಿ ಕ್ರಮಬದ್ಧವಾಗಿ ತುಂಬಿದರೆ ಸೀಲಿನ ಆಯುಷ್ಯ ಹೆಚ್ಚುತ್ತದೆ. ಆದರೆ ವಾರೆಯನ್ನು ಗ್ರೀಸ್ ಸರಿಪಡಿಸಲಾರದು.

ಮೂರನೆಯ ದಾರಿಯನ್ನು ಅನೇಕರು ಮರೆಯುತ್ತಾರೆ. ಈ ಯಂತ್ರಗಳ ಎಂಜಿನ್ನನ್ನು ತಂಪಾಗಿಡಲು ಪಂಪಿನಿಂದಲೇ ಒತ್ತಡದ ನೀರನ್ನು ಹೋಸ್ ಮೂಲಕ ಒಳತರಲಾಗುತ್ತದೆ. ಅಂದರೆ ಹೊರಗಿನ ನೀರನ್ನು ನಾವೇ ಒಡಲಿನೊಳಗೆ ಕರೆತಂದು ಮತ್ತೆ ಹೊರಗೆ ಕಳುಹಿಸುತ್ತಿದ್ದೇವೆ. ಒಂದು ಕ್ಲ್ಯಾಂಪ್ ಕಳಚಿದರೆ ಪಂಪು ತನ್ನ ಒಡಲನ್ನು ತಾನೇ ತುಂಬಿಸುತ್ತದೆ. ವೇಗ ಹೆಚ್ಚಿಸಿದಷ್ಟೂ ಬೇಗ ತುಂಬುತ್ತದೆ. ಮುಳುಗುವ ವೇಗದ ದೃಷ್ಟಿಯಿಂದ ಇದರಷ್ಟು ಕೆಟ್ಟ ದಾರಿ ಇನ್ನೊಂದಿಲ್ಲ.

ನಾಲ್ಕನೆಯದು ತಳನೀರನ್ನು ಹೊರಗೆಳೆಯುವ ಕೊಳವೆಯೇ. ಪಂಪಿನಿಂದ ಚಿಮ್ಮುವ ನೀರಿನ ವೇಗದಿಂದ ಉಂಟಾಗುವ ಸೆಳೆತವನ್ನು ಬಳಸಿ ಒಡಲಿನ ತಳದ ನೀರನ್ನು ಹೀರುವ ಏರ್ಪಾಡು ಇದು. ವಿದ್ಯುತ್ತು ಬೇಕಿಲ್ಲ, ಖರ್ಚಿಲ್ಲ. ಆದರೆ ಯಂತ್ರ ನಿಂತೊಡನೆ ಸೆಳೆತ ನಿಲ್ಲುತ್ತದೆ, ಮತ್ತು ಕೊಳವೆಯ ಹೊರತುದಿ ನೀರಿನಲ್ಲೇ ಇರುತ್ತದೆ. ಹಿಮ್ಮುಖವಾಗಿ ನೀರು ಒಳಬಾರದಿರಲೆಂದು ಕೊಳವೆಯನ್ನು ಎತ್ತರಕ್ಕೆ ಬಾಗಿಸಿ, ಆ ಬಾಗಿನಲ್ಲಿ ಗಾಳಿಯಾಡಲು ಒಂದು ಸೂಕ್ಷ್ಮ ರಂಧ್ರವಿಟ್ಟಿರುತ್ತಾರೆ. ಉಪ್ಪು ಕಟ್ಟಿ ಆ ರಂಧ್ರ ಮುಚ್ಚಿದರೆ, ಅಥವಾ ‘ಇದೇನು ತೂತು’ ಎಂದು ಉತ್ಸಾಹಿ ಕೆಲಸಗಾರನೊಬ್ಬ ಟೇಪ್ ಸುತ್ತಿದರೆ, ದಡಕ್ಕೆ ಕಟ್ಟಿದ ಯಂತ್ರ ತಾನಾಗಿಯೇ ನೀರು ಕುಡಿಯುತ್ತದೆ.

ಉಳಿದಂತೆ ಡ್ರೈನ್ ಪ್ಲಗ್ಗುಗಳ ವಾಷರ್, ಸ್ಟೀರಿಂಗ್ ಕೇಬಲ್ ಹೊರಬರುವ ರಬ್ಬರ್, ಕಾಲಿಡುವ ಪಟ್ಟಿ ಮುಂತಾದ ಹೆಚ್ಚುವರಿ ಭಾಗಗಳಿಗಾಗಿ ಕೊರೆದ ತೂತುಗಳು, ಹಾಗೂ ಒಡಲಿನ ಮೇಲರ್ಧ ಮತ್ತು ಕೆಳಗರ್ಧ ಅಂಟಿನಿಂದ ಕೂಡುವ ಸಂದು. ಕೊನೆಯದು ಅಂಚಿನ ರಬ್ಬರ್ ಪಟ್ಟಿಯಡಿ ಅಡಗಿರುವುದರಿಂದ ಪಟ್ಟಿ ತೆಗೆಯದೆ ಕಾಣದು.

ಪಂಪು ಒಡಲಿಗೆ ಕೂಡುವ ಸಂದಿನ ಸೀಲಂಟ್ ಬಿಟ್ಟುಕೊಂಡಾಗ ಸಾಮಾನ್ಯವಾಗಿ ಆಗುವುದು ಬೇರೆ. ಪಂಪು ಗಾಳಿಯನ್ನು ಹೀರಿ ಸೆಳೆತ ಕಳೆದುಕೊಳ್ಳುತ್ತದೆ. ಯಂತ್ರ ಅಬ್ಬರಿಸುತ್ತದೆ, ಮುಂದೆ ಸಾಗುವುದಿಲ್ಲ. ಒಡಲಿಗೆ ನೀರು ಬಂದಾಗಲೆಲ್ಲ ಈ ಸಂದಿಗೆ ಸಿಲಿಕೋನ್ ಬಳಿಯುವುದು ತಪ್ಪು ಖಾತೆಗೆ ಜಮಾ ಬರೆದಂತೆ.

ನೀರಿಗೊಂದು ಖಾತೆ

ದಾರಿಗಳು ಇಷ್ಟಿರುವಾಗ ಒಂದೊಂದನ್ನೇ ಬಿಚ್ಚಿ ನೋಡುವುದು ಕಾಲಹರಣ. ನೀರು ಎಲ್ಲಿಂದ ಬಂತು ಎಂಬುದಕ್ಕಿಂತ ಮೊದಲು ಯಾವಾಗ ಬಂತು ಎಂಬುದನ್ನು ತಿಳಿಯಬೇಕು. ನಾನು ಲೆಕ್ಕ ನೋಡುವ ಒಬ್ಬ ಕಕ್ಷಿದಾರರಿಗೆ ಇದಕ್ಕಾಗಿ ನಾಲ್ಕು ಅಂಕಣಗಳ ಒಂದು ಪುಸ್ತಕವನ್ನು ಸೂಚಿಸಿದ್ದೆ. ದಡದಲ್ಲಿ ನೀರಿನ ಮೇಲೆ ಸುಮ್ಮನೆ ನಿಂತ ಅವಧಿ, ಓಡಿದ ಅವಧಿ, ಮಗುಚಿದ ಬಾರಿ, ಮತ್ತು ದಡಕ್ಕೆ ತಂದು ಪ್ಲಗ್ ತೆಗೆದಾಗ ಅಳತೆಯ ಪಾತ್ರೆಗೆ ದೊರೆತ ಲೀಟರ್. ತಳನೀರನ್ನು ಹೀರುವ ಕೊಳವೆ ಕೆಲಸ ಮಾಡುತ್ತಿದ್ದರೆ ಓಡಿದಾಗ ಬಂದ ನೀರಿನ ಒಂದು ಭಾಗ ಲೆಕ್ಕಕ್ಕೆ ಸಿಗದೆ ಹೋಗಿಬಿಡುತ್ತದೆ. ಆದ್ದರಿಂದ ಪರೀಕ್ಷೆಯ ದಿನಗಳಲ್ಲಿ ಆ ಕೊಳವೆಯನ್ನು ಕಳಚಿ, ಹೊರತುದಿಗೆ ಹೋಗುವ ಬಾಯಿಯನ್ನು ಭದ್ರವಾಗಿ ಮುಚ್ಚಿ, ದಡದ ಸಮೀಪವೇ ಸ್ವಲ್ಪ ಹೊತ್ತು ಮಾತ್ರ ಓಡಿಸುವುದು ಸೂಕ್ತ.

ಉದಾಹರಣೆಗೆ, ಮೊದಲ ದಿನ 20 ನಿಮಿಷ ಓಡಿಸಿದಾಗ, ಒಮ್ಮೆಯೂ ಮಗುಚದೆ, ಅರ್ಧ ಲೀಟರ್ ದೊರೆಯಿತು ಎಂದಿಟ್ಟುಕೊಳ್ಳೋಣ. ಮರುದಿನ ಅಷ್ಟೇ ಹೊತ್ತು ಓಡಿ ಹತ್ತು ಬಾರಿ ಮಗುಚಿದಾಗ ಮೂರು ಲೀಟರ್ ದೊರೆಯಿತು. ವ್ಯತ್ಯಾಸ ಎರಡೂವರೆ ಲೀಟರ್, ಅಂದರೆ ಪ್ರತಿ ಬಾರಿ ಮಗುಚಿದಾಗಲೂ ಕಾಲು ಲೀಟರ್. ಇದು ಮುಚ್ಚಳ ಮತ್ತು ಗಾಳಿದಾರಿಯ ಖಾತೆ. ಮೂರನೆಯ ದಿನ ಒಂದು ಗಂಟೆ ಕಟ್ಟಿ ನಿಲ್ಲಿಸಿದಾಗ ಹನಿಯೂ ಇಲ್ಲವೆಂದರೆ ಪ್ಲಗ್ಗು ಮತ್ತು ನೀರಿನ ಮಟ್ಟಕ್ಕಿಂತ ಕೆಳಗಿನ ಒಡಲು ಸರಿಯಾಗಿವೆ. ಶಾಫ್ಟಿನ ಸೀಲನ್ನು ಮಾತ್ರ ಪೂರ್ತಿ ನಂಬುವಂತಿಲ್ಲ, ನಿಂತಾಗ ಹಿಡಿದಿರುವ ತುಟಿ ತಿರುಗುವಾಗ ಬಿಡಬಹುದು. ಬದಲಾಗಿ ನಿಂತಾಗಲೇ ನೀರು ಬಂದರೆ ಪ್ಲಗ್ಗು, ಸೀಲು, ಬಿರುಕು ಇವುಗಳಲ್ಲೊಂದು. ಕೊಳವೆಯನ್ನು ಮತ್ತೆ ಜೋಡಿಸಿದ ಮೇಲಷ್ಟೇ ಬಂದರೆ ಆ ಕೊಳವೆಯೇ ಕಾರಣ. ನಿಂತಾಗ ಇಲ್ಲ, ಓಡಿದಾಗ ಧಾರಾಳವೆಂದರೆ ತಂಪುನೀರಿನ ಹೋಸುಗಳನ್ನು ಮೊದಲು ನೋಡಬೇಕು.

ಸಣ್ಣ ತೂತಿನ ಶಕ್ತಿಯನ್ನು ನಮ್ಮ ಜನ ಕಡಿಮೆ ಅಂದಾಜು ಮಾಡುತ್ತಾರೆ. ನೀರಿನ ಮಟ್ಟಕ್ಕಿಂತ 20 ಸೆಂಟಿಮೀಟರ್ ಕೆಳಗಿರುವ 6 ಮಿಲಿಮೀಟರ್ ವ್ಯಾಸದ ಒಂದು ಬೋಲ್ಟ್ ತೂತಿನಿಂದ ನಿಮಿಷಕ್ಕೆ ಸುಮಾರು 2 ಲೀಟರ್ ನೀರು ಬರುತ್ತದೆ. ಅರ್ಧ ಗಂಟೆಗೆ 60 ಲೀಟರ್. ವ್ಯಾಸ ಇಮ್ಮಡಿಯಾದರೆ ನೀರು ನಾಲ್ಮಡಿ. ಮಧ್ಯಾಹ್ನದ ಊಟದ ಹೊತ್ತಿಗೆ ದಡದಲ್ಲಿ ಕಟ್ಟಿದ್ದ ಯಂತ್ರ ಊಟ ಮುಗಿಯುವಷ್ಟರಲ್ಲಿ ಮೂತಿ ಮಾತ್ರ ಮೇಲೆತ್ತಿ ನಿಲ್ಲುವುದು ಹೀಗೆ.

ಈ ಖಾತೆಯಲ್ಲಿ ಕಾಣದ ದಾಸ್ತಾನೊಂದಿದೆ. ಯಂತ್ರ ಮುಳುಗದಿರಲೆಂದು ಒಡಲಿನ ಪೊಳ್ಳುಗಳಲ್ಲಿ ಫೋಮ್ ತುಂಬಿರುತ್ತಾರೆ. ಹೊಸದಾಗಿದ್ದಾಗ ಅದು ನೀರು ಹೀರದು; ವರ್ಷಗಟ್ಟಲೆ ತಳನೀರಿನಲ್ಲಿ ನೆನೆದ ಫೋಮ್ ನಿಧಾನವಾಗಿ ಹೀರಿಕೊಳ್ಳುತ್ತದೆ ಮತ್ತು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹಳೆಯ ಯಂತ್ರವನ್ನು ಕೊಳ್ಳುವವರು ಅದನ್ನು ತೂಗಿಸಿ, ತಯಾರಕರ ಕೈಪಿಡಿಯಲ್ಲಿರುವ ತೂಕದೊಡನೆ ಹೋಲಿಸಿ ನೋಡಬೇಕು. ಹೊಸ ಬಣ್ಣ ಯಾರನ್ನಾದರೂ ಮರುಳುಮಾಡಬಹುದು, ತಕ್ಕಡಿಯನ್ನು ಮರುಳುಮಾಡಲಾಗದು.

ದಡದ ಮೇಲಿನ ಪರೀಕ್ಷೆ

ಕೆಲವು ದೋಷಗಳನ್ನು ನೀರಿಗಿಳಿಸದೆಯೇ ಕಾಣಬಹುದು. ಸಿಹಿನೀರಿನ ಹೋಸ್ ಜೋಡಿಸಿ ಎಂಜಿನ್ ತೊಳೆಯುವಾಗ ಮುಚ್ಚಳ ತೆರೆದಿಟ್ಟು ನೋಡಿದರೆ ತಂಪುನೀರಿನ ದಾರಿಯ ಸೋರಿಕೆ ಕಣ್ಣಿಗೇ ಬೀಳುತ್ತದೆ. ಇಲ್ಲಿ ಕ್ರಮ ತಪ್ಪಬಾರದು: ಮೊದಲು ಎಂಜಿನ್ ಚಾಲೂ, ಅನಂತರ ನಲ್ಲಿ; ನಿಲ್ಲಿಸುವಾಗ ಮೊದಲು ನಲ್ಲಿ, ಅನಂತರ ಎಂಜಿನ್. ನಿಂತ ಎಂಜಿನ್ನಿಗೆ ನೀರು ಬಿಟ್ಟರೆ ಅದು ಎಕ್ಸಾಸ್ಟ್ ಮೂಲಕ ಸಿಲಿಂಡರಿಗೆ ಹೋಗುತ್ತದೆ. ಮಗುಚಿದ ಯಂತ್ರವನ್ನು ಹಿಂಬದಿಯ ಚೀಟಿಯಲ್ಲಿ ತೋರಿಸಿದ ದಿಕ್ಕಿಗೇ ಹೊರಳಿಸಬೇಕೆಂಬ ನಿಯಮಕ್ಕೂ ಕಾರಣ ಇದೇ.

ಬಿರುಕಿನ ಸಂದೇಹವಿದ್ದರೆ ಯಂತ್ರವನ್ನು ಗಟ್ಟಿಯಾದ ಸ್ಟ್ಯಾಂಡಿನ ಮೇಲಿಟ್ಟು ಒಡಲಿನೊಳಗೇ ಸ್ವಲ್ಪ ನೀರು ತುಂಬಿ ಹೊರಗೆ ಎಲ್ಲಿ ಜಿನುಗುತ್ತದೆ ಎಂದು ಕಾಯುವುದು ಹಳೆಯ, ನಂಬಿಕಸ್ಥ ಕ್ರಮ. ಒಳಗಿನಿಂದ ಹೊರಬರುವ ದಾರಿಯೇ ಹೊರಗಿನಿಂದ ಒಳಹೋಗುವ ದಾರಿ. ಸೋಪಿನ ನೀರು ಬಳಿದು ಒಳಗಿನಿಂದ ಗಾಳಿ ಹಾಯಿಸುವವರೂ ಇದ್ದಾರೆ. ಅದಕ್ಕೆ ಸಣ್ಣ ಬ್ಲೋವರ್ ಸಾಕು, ಪೆಟ್ರೋಲಿನ ಆವಿ ಇರಬಾರದು. ಗ್ಯಾರೇಜಿನ ಕಂಪ್ರೆಸರ್ ಹಚ್ಚಿದರೆ ಅಂಟಿನ ಸಂದು ಬಿರಿದು ಇಲ್ಲದ ದೋಷವೂ ಹುಟ್ಟಿಕೊಳ್ಳುತ್ತದೆ.

ರಬ್ಬರ್ ಭಾಗಗಳ ತಯಾರಕರ ಗಮನಕ್ಕೆ

ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸಿಕೊಡುವಂತೆ ಕೇಳಿ ಬರುವ ಗ್ರಾಹಕರು ಹಳೆಯ ಸೀಲನ್ನು ಮೇಜಿನ ಮೇಲಿಟ್ಟು ‘ಇದೇ ಅಳತೆ’ ಎನ್ನುತ್ತಾರೆ. ಅಳತೆಗಿಂತ ಮೊದಲು ಕೇಳಬೇಕಾದದ್ದು ಅದು ಎಲ್ಲಿ ಕೂರುತ್ತದೆ ಎಂಬುದು. ನೈಟ್ರೈಲ್ ರಬ್ಬರ್ ಪೆಟ್ರೋಲ್ ಮತ್ತು ಎಣ್ಣೆಗೆ ಜಗ್ಗದು, ಆದರೆ ಬಿಸಿಲು ಮತ್ತು ಓಜೋನಿಗೆ ಬಿರುಕು ಬಿಡುತ್ತದೆ. ಇಪಿಡಿಎಂ ಬಿಸಿಲು, ಮಳೆ, ನೀರನ್ನು ಚೆನ್ನಾಗಿ ತಾಳುತ್ತದೆ, ಆದರೆ ಪೆಟ್ರೋಲ್ ತಗುಲಿದರೆ ಊದಿಕೊಳ್ಳುತ್ತದೆ. ಗ್ರೀಸಿನಲ್ಲಿ ತಿರುಗುವ ಶಾಫ್ಟಿನ ಸೀಲಿಗೆ ನೈಟ್ರೈಲ್ ಸಹಜವಾದ ಆಯ್ಕೆ. ಮುಚ್ಚಳದ ಅಂಚಿಗೆ ಹೊರಗೆ ಬಿಸಿಲು, ಒಳಗೆ ಪೆಟ್ರೋಲಿನ ಆವಿ. ಅಲ್ಲಿ ಎರಡನ್ನೂ ಮಧ್ಯಮವಾಗಿ ತಾಳುವ ನಿಯೋಪ್ರಿನ್ ಪರಿಗಣನೆಗೆ ಅರ್ಹ. ಸೀಲಿನ ತುಟಿಯನ್ನು ಬಿಗಿಹಿಡಿಯುವ ಸುರುಳಿ ಸ್ಪ್ರಿಂಗನ್ನು ಸಾಧಾರಣ ಉಕ್ಕಿನಲ್ಲಿ ಮಾಡಿದರೆ ಸಮುದ್ರದ ನೀರಿನಲ್ಲಿ ತುಕ್ಕು ಹಿಡಿದು ತುಂಡಾಗುತ್ತದೆ. ಸ್ಟೇನ್‌ಲೆಸ್ ಉಕ್ಕು ಅನಿವಾರ್ಯ. ಈ ಒಂದು ಸಣ್ಣ ಉಳಿತಾಯಕ್ಕಾಗಿ ಹೆಸರು ಕೆಡಿಸಿಕೊಳ್ಳುವುದು ವ್ಯಾಪಾರವಲ್ಲ. ಒತ್ತಡದಿಂದ ಬಿಡುಗಡೆಯಾದ ಮೇಲೆ ರಬ್ಬರ್ ಎಷ್ಟು ಪಾಲು ಪೂರ್ವಸ್ಥಿತಿಗೆ ಬರುತ್ತದೆ ಎಂಬ ಪರೀಕ್ಷೆಯ ಫಲಿತಾಂಶವನ್ನು ಬಿಲ್ಲಿನೊಡನೆ ಲಗತ್ತಿಸಿದರೆ ತಿಳಿದ ಗ್ರಾಹಕರು ಬೆಲೆಯ ಬಗ್ಗೆ ಕಡಿಮೆ ಚೌಕಾಸಿ ಮಾಡುತ್ತಾರೆ.

ವಿಮೆ ಮತ್ತು ಲೆಕ್ಕಪತ್ರ

ನೀರು ಹೊಕ್ಕು ಎಂಜಿನ್ ಹಾಳಾದಾಗ ‘ಸಮುದ್ರದಲ್ಲಿ ಆದ ನಷ್ಟ, ವಿಮೆ ಇದೆಯಲ್ಲ’ ಎಂಬ ಭರವಸೆ ಸಾಮಾನ್ಯ. 1963ರ ಸಾಗರ ವಿಮಾ ಅಧಿನಿಯಮದ 55ನೆಯ ಪ್ರಕರಣವನ್ನು ಓದಿದವರಿಗೆ ಈ ಭರವಸೆ ಉಳಿಯದು. ಪಾಲಿಸಿಯಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಸಾಧಾರಣ ಸವೆತ, ಸಾಧಾರಣ ಸೋರಿಕೆ, ವಸ್ತುವಿನ ಅಂತರ್ಗತ ದೋಷ, ಇಲಿ-ಹೆಗ್ಗಣಗಳಿಂದಾದ ನಷ್ಟ, ಹಾಗೂ ಸಾಗರದ ಅಪಾಯವು ನಿಕಟ ಕಾರಣವಲ್ಲದ ಯಂತ್ರಹಾನಿ ಇವುಗಳಿಗೆ ವಿಮಾದಾರರು ಹೊಣೆಯಲ್ಲ. ಸವೆದ ಸೀಲಿನಿಂದ ತಿಂಗಳುಗಟ್ಟಲೆ ಜಿನುಗಿದ ನೀರು ಈ ಪಟ್ಟಿಯ ಮೊದಲ ಎರಡು ಪದಗಳಲ್ಲಿಯೇ ಸಿಕ್ಕಿಬೀಳುತ್ತದೆ. ಬಂಡೆಗೆ ಬಡಿದು ಒಡಲು ಒಡೆದು ನೀರು ನುಗ್ಗಿದರೆ ವಿಷಯ ಬೇರೆ. ಎರಡರಲ್ಲಿ ಯಾವುದು ನಡೆಯಿತು ಎಂಬುದನ್ನು ತೋರಿಸಲು ದಾಖಲೆ ಬೇಕು. ನಿನ್ನೆಯವರೆಗೆ ದಿನಕ್ಕೆ ಅರ್ಧ ಲೀಟರ್, ಇಂದು ನಲವತ್ತು ಲೀಟರ್ ಎಂದು ತೋರಿಸುವ ಪುಸ್ತಕವು ಸರ್ವೇಯರ ಮುಂದೆ ಬಾಯಿಮಾತಿಗಿಂತ ಬೆಲೆಯುಳ್ಳದ್ದು.

ಇದೇ ಪುಸ್ತಕಕ್ಕೆ ಇನ್ನೊಂದು ಅಲಗೂ ಇದೆ. ಅದೇ ಅಧಿನಿಯಮದ 41ನೆಯ ಪ್ರಕರಣದಂತೆ, ಅವಧಿ ಪಾಲಿಸಿಯಲ್ಲಿ ವಿಮೆ ಮಾಡಿಸಿದವರಿಗೆ ತಿಳಿದೂ ಯಾನಯೋಗ್ಯವಲ್ಲದ ಸ್ಥಿತಿಯಲ್ಲಿ ನೌಕೆಯನ್ನು ಸಮುದ್ರಕ್ಕೆ ಕಳುಹಿಸಿದ್ದರೆ, ಆ ಅಯೋಗ್ಯತೆಯಿಂದಾದ ನಷ್ಟಕ್ಕೆ ವಿಮಾದಾರರು ಹೊಣೆಯಲ್ಲ. ದಿನಕ್ಕೆ ಎಂಟು ಲೀಟರ್ ಎಂದು ಬರೆದಿಟ್ಟು ಮರುದಿನವೂ ಅದೇ ಯಂತ್ರವನ್ನು ಬಾಡಿಗೆಗೆ ಕೊಟ್ಟವರು ತಮ್ಮ ವಿರುದ್ಧ ತಾವೇ ಸಾಕ್ಷ್ಯ ಬರೆದಂತಾಗುತ್ತದೆ. ಹಾಗೆಂದು ಬರೆಯದಿರುವುದು ಪರಿಹಾರವಲ್ಲ. ಆ ಯಂತ್ರದ ಮೇಲೆ ನಿಲ್ಲುವವನು ಒಬ್ಬ ಗ್ರಾಹಕ. ಎಂಟು ಲೀಟರ್ ಎಂದು ಬರೆದ ಸಾಲಿನ ಮುಂದೆಯೇ ಯಂತ್ರವನ್ನು ಬದಿಗಿಟ್ಟ ದಿನಾಂಕ ಮತ್ತು ಸೀಲು ಬದಲಾಯಿಸಿದ ಬಿಲ್ಲಿನ ಸಂಖ್ಯೆ ಇರಬೇಕು.

ಜೆಟ್ ಸ್ಕೀಯನ್ನು ಕಾನೂನು ನೌಕೆಯೆಂದು ಗಣಿಸುತ್ತದೆಯೇ ಎಂಬ ಪ್ರಶ್ನೆಯೂ ಕುತೂಹಲಕರ. 2005ರಲ್ಲಿ ಇಂಗ್ಲೆಂಡಿನ ಅಪೀಲು ನ್ಯಾಯಾಲಯವು ಗುಡ್ವಿನ್ ಪ್ರಕರಣದಲ್ಲಿ, ಅದು ನೌಕಾಯಾನಕ್ಕೆ ಬಳಸುವ ನೌಕೆಯಲ್ಲ ಎಂದು ತೀರ್ಪಿತ್ತಿತು. ಆ ಕೊರತೆಯನ್ನು ತುಂಬಲು ಬ್ರಿಟನ್ ಸರ್ಕಾರ 2023ರಲ್ಲಿ ಪ್ರತ್ಯೇಕ ಆದೇಶ ತರಬೇಕಾಯಿತು. ನಮ್ಮ 1963ರ ಅಧಿನಿಯಮವು ಸಾಗರದ ಅಪಾಯಕ್ಕೊಡ್ಡಿದ ಇತರ ಚರಸ್ವತ್ತುಗಳನ್ನೂ ಒಳಗೊಳ್ಳುವುದರಿಂದ ಇಲ್ಲಿ ಅಷ್ಟು ತೊಡಕಿಲ್ಲವೆಂದು ನನ್ನ ಅಭಿಪ್ರಾಯ. ಆದರೂ ಪಾಲಿಸಿಯಲ್ಲಿ ಯಂತ್ರದ ವಿವರಣೆ ಯಾವ ಪದಗಳಲ್ಲಿದೆ ಎಂಬುದನ್ನು ಸದಸ್ಯರು ಒಮ್ಮೆ ಓದಿಕೊಳ್ಳುವುದು ಒಳಿತು.

ಲೆಕ್ಕ ಬರೆಯುವ ವಿಷಯ ಸರಳ. ಸೀಲು, ಹೋಸು, ಕ್ಲ್ಯಾಂಪುಗಳ ಖರ್ಚು ಆಯಾ ವರ್ಷದ ಆದಾಯ ಖಾತೆಗೆ. ಇಡೀ ಎಂಜಿನ್ ಬದಲಾಯಿಸಿದರೆ ಅದನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸಿ, ಹಳೆಯ ಎಂಜಿನ್ನಿನ ಉಳಿಕೆ ಮೌಲ್ಯವನ್ನು ತೆಗೆದುಹಾಕಬೇಕು; ಎರಡನೆಯ ಭಾಗವನ್ನು ಬಹಳ ಮಂದಿ ಮರೆಯುತ್ತಾರೆ. ವಿಹಾರ ಹಾಗೂ ಕ್ರೀಡಾ ನೌಕೆಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 40ಕ್ಕೆ ಏರಿರುವುದರಿಂದ, ಇರುವ ಯಂತ್ರವನ್ನು ಕಾಪಾಡಿಕೊಳ್ಳುವ ಲಾಭ ಮೊದಲಿಗಿಂತ ಹೆಚ್ಚಾಗಿದೆ.

ಮಳೆಗಾಲದ ತಿಂಗಳುಗಳಲ್ಲಿ ಯಂತ್ರಗಳು ಷೆಡ್ ಸೇರುತ್ತವೆ. ಆಗ ಡ್ರೈನ್ ಪ್ಲಗ್ಗುಗಳನ್ನು ತೆಗೆದು, ಮೂತಿಯನ್ನು ಒಂದಡಿ ಎತ್ತರಿಸಿ, ಮುಚ್ಚಳವನ್ನು ಬಿಗಿಯದೆ ಸಡಿಲವಾಗಿ ಇಡಬೇಕು. ರಬ್ಬರಿಗೂ ವಿಶ್ರಾಂತಿ, ಆವಿಗೂ ದಾರಿ. ತೆಗೆದ ಪ್ಲಗ್ಗುಗಳನ್ನು ಹ್ಯಾಂಡಲ್ಲಿಗೆ ದಾರದಿಂದ ಕಟ್ಟಿಡುವುದು ಉತ್ತಮ. ಮಳೆಗಾಲ ಕಳೆದು ಯಂತ್ರವನ್ನು ಮೊದಲ ಬಾರಿ ನೀರಿಗಿಳಿಸುವಾಗ ಕೈಗೆ ಎದುರಾಗುವುದು ಅವೇ.